ಐದು ಇಂಚು ಮರಳು, ಆರು ತಿಂಗಳ ತಾಳ್ಮೆ

ಉಪ್ಪುನೀರಿನ ಅಕ್ವೇರಿಯಂ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು: ನೈಟ್ರೇಟ್, ಅಂದರೆ ಮೀನಿನ ಹೊಲಸಿನಿಂದ ತೊಟ್ಟಿಯ ನೀರಿನಲ್ಲಿ ಸೇರುತ್ತಾ ಹೋಗುವ ಸಾರಜನಕದ ಲವಣ. ಹಾಗಾಗಿ ಈ ಸಲದ ಜಾಗ ಪೂರ್ತಿ ಅದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ನನ್ನದು 4 ಅಡಿ ಉದ್ದದ ತೊಟ್ಟಿ, 210 ಲೀಟರ್ ನೀರು. ಎರಡು ಕ್ಲೌನ್, ನಾಲ್ಕು ಡ್ಯಾಮ್ಸೆಲ್, ಒಂದು ನೀಲಿ ಟ್ಯಾಂಗ್ ಇವೆ. ಒಂದೂವರೆ ವರ್ಷ ಆಯ್ತು. ನೈಟ್ರೇಟ್ ಲೀಟರ್‌ಗೆ 80 ಮಿಲಿಗ್ರಾಂನಿಂದ ಕೆಳಗೆ ಇಳಿಯುತ್ತಲೇ ಇಲ್ಲ. ಪ್ರತಿ ಭಾನುವಾರ ಶೇ 20ರಷ್ಟು ನೀರು ಬದಲಿಸುತ್ತೇನೆ. ನೀರು ಅಡುಗೆಮನೆಯ ಆರ್‌ಓದಿಂದ, ಮೀಟರ್‌ನಲ್ಲಿ ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಅಳತೆ) 110 ತೋರಿಸುತ್ತದೆ. ತೊಟ್ಟಿಯ ಕೆಳಗೆ ಫಿಲ್ಟರ್ ಇಡುವ ಚಿಕ್ಕ ತೊಟ್ಟಿ, ಅಂದರೆ ಸಂಪ್‌ನಲ್ಲಿ ಒಂದು ಖಾನೆಗೆ ಮರಳು ತುಂಬಿ ರೆಫ್ಯೂಜಿಯಂ (ಪಾಚಿ, ಸಣ್ಣ ಜೀವಿಗಳು ಬೆಳೆಯುವ ಜಾಗ) ಮಾಡಿದರೆ ನೈಟ್ರೇಟ್ ಹೋಗುತ್ತದೆ ಎಂದು ಗೆಳೆಯರೊಬ್ಬರು ಹೇಳಿದರು. ನಿಜವಾ? ಮರಳು ಹೇಗೆ ನೈಟ್ರೇಟ್ ತೆಗೆಯುತ್ತದೆ?
— ಓದುಗರು, ವೈಟ್‌ಫೀಲ್ಡ್, ಬೆಂಗಳೂರು

ನಿಜ. ಆದರೆ ನಿಮ್ಮ ಮನೆಯಲ್ಲಿ ಮರಳಿಗಿಂತ ಮೊದಲು ನೋಡಬೇಕಾದದ್ದು ನಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮರಳಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅದು ನನಗೆ ತುಂಬಾ ಇಷ್ಟದ ವಿಷಯ.

ನಮ್ಮದು ಕುಂದಾಪುರದ ಹತ್ತಿರದ ಊರು. ಮನೆ ಎದುರು ಬೈಲು ಗದ್ದೆ. ನಾಟಿ ಆದ ಮೇಲೆ ಗದ್ದೆಯಲ್ಲಿ ನೀರು ನಿಂತಿರುತ್ತದಲ್ಲ, ಆಗ ಕೆಸರಿಗೆ ಕೈ ಹಾಕಿ ಒಂದು ಹಿಡಿ ಎತ್ತಿ ನೋಡಬೇಕು. ಮೇಲೆ ತೆಳ್ಳಗೆ ಒಂದು ಕಂದು ಪದರ. ಅದರ ಕೆಳಗೆಲ್ಲ ಬೂದು, ಕಪ್ಪು. ಅಪ್ಪ ಗದ್ದೆಗೆ ಯೂರಿಯಾ ಹಾಕುತ್ತಿದ್ದರು. ನೈಟ್ರೇಟ್ ಗೊಬ್ಬರವನ್ನು ಮಾತ್ರ ನೀರು ನಿಂತ ಗದ್ದೆಗೆ ಹಾಕುತ್ತಿರಲಿಲ್ಲ. "ಅದ್ ಕೆಸರಂಗೆ ನಿಲ್ಲುದಿಲ್ಲ" ಅನ್ನುತ್ತಿದ್ದರು. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಕೈಯನ್ನು ಮೇಲೆ ಮಾಡಿ ಆಕಾಶ ತೋರಿಸುತ್ತಿದ್ದರು. ಅದು ಅಕ್ಷರಶಃ ಸರಿ ಎಂದು ನನಗೆ ಗೊತ್ತಾದದ್ದು ಕಾಲೇಜಿನಲ್ಲಿ.

ಆಗುವುದು ಇಷ್ಟು. ಮೀನಿನ ಹೊಲಸು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಆಮ್ಲಜನಕ ಇರುವ ಕಡೆ ಬದುಕುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಸಾಮಾನ್ಯ ಫಿಲ್ಟರ್‌ನಲ್ಲಿ ಕಥೆ ಅಲ್ಲಿಗೇ ನಿಲ್ಲುತ್ತದೆ. ನೈಟ್ರೇಟ್ ಸುಮ್ನೆ ಸೇರುತ್ತಾ ಹೋಗುತ್ತದೆ. ಗದ್ದೆಯ ಕೆಸರಿನ ಕೆಳಪದರದಂತೆ ಆಮ್ಲಜನಕವೇ ಇಲ್ಲದ ಜಾಗ ಇದ್ದರೆ ಅಲ್ಲಿ ಬೇರೆ ಬ್ಯಾಕ್ಟೀರಿಯಾ ಕೆಲಸ ಶುರು ಮಾಡುತ್ತವೆ. ಅವಕ್ಕೂ ಉಸಿರು ಬೇಕು. ನೀರಿನಲ್ಲಿ ಆಮ್ಲಜನಕ ಸಿಗದಿದ್ದಾಗ ಅವು ನೈಟ್ರೇಟ್ ಒಳಗಿರುವ ಆಮ್ಲಜನಕವನ್ನೇ ಕಿತ್ತುಕೊಳ್ಳುತ್ತವೆ. ಉಳಿಯುವುದು ಸಾರಜನಕದ ಅನಿಲ. ಅದು ಗುಳ್ಳೆಯಾಗಿ ಮೇಲೆ ಬಂದು ಗಾಳಿಗೆ ಸೇರುತ್ತದೆ. ಅಪ್ಪ ತೋರಿಸುತ್ತಿದ್ದ ಆಕಾಶಕ್ಕೆ.

ಗದ್ದೆಯಲ್ಲಿ ಅದು ರೈತನಿಗೆ ನಷ್ಟ. ನಮ್ಮ ತೊಟ್ಟಿಯಲ್ಲಿ ನಮಗೆ ಬೇಕಾದದ್ದೇ ಅದು.

ಇದನ್ನು ಅಕ್ವೇರಿಯಂಗೆ ತಂದವರಲ್ಲಿ ಮುಖ್ಯರು ಫ್ರಾನ್ಸ್‌ನ ನೀಸ್ ವಿಶ್ವವಿದ್ಯಾಲಯದ ಜಾನ್ ಜೋಬೇರ್. ಅವರು 1980ರ ದಶಕದಲ್ಲಿ ಮರಳಿನ ಅಡಿಗೆ ಜಾಲರಿ ಇಟ್ಟು, ಅದರ ಕೆಳಗೆ ನಿಂತ ನೀರಿನ ಖಾಲಿ ಜಾಗ ಬಿಟ್ಟು ಹವಳ ಬೆಳೆಸಿದರು. ಆಮೇಲೆ ಅಮೆರಿಕದಲ್ಲಿ ಪ್ರಾಣಿವಿಜ್ಞಾನಿ ರಾನ್ ಶಿಮೆಕ್ ಅಂಥವರು ಆ ಖಾಲಿ ಜಾಗ ಬೇಡ, ನುಣ್ಣನೆಯ ಮರಳನ್ನು ದಪ್ಪಗೆ ಹಾಸಿ, ಅದರಲ್ಲಿ ಸಣ್ಣ ಹುಳಗಳು ಇದ್ದರೆ ಸಾಕು ಎಂದು ಹೇಳಿದರು. ನಾನು ಎರಡನೆಯ ದಾರಿಯವಳು. ಜಾಲರಿ ಕೆಲಸ ಜಾಸ್ತಿ, ಲಾಭ ಅಷ್ಟಕ್ಕಷ್ಟೆ.

ಈಗ ನಿಮ್ಮ ನಲ್ಲಿಗೆ ಬರೋಣ. ನಾನು 22 ವರ್ಷ ನೀರಿನ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಮಾಡಿದವಳು. ಬೋರ್‌ವೆಲ್ ನೀರು ಅಂದರೆ ನನ್ನ ಕಣ್ಣು ಮೊದಲು ಹೋಗುವುದು ನೈಟ್ರೇಟ್ ಕಾಲಂಗೆ. ಕುಡಿಯುವ ನೀರಿಗೆ ನಮ್ಮ ಬಿಐಎಸ್ ಮಾನದಂಡ ಇಟ್ಟಿರುವ ಮಿತಿ ಲೀಟರ್‌ಗೆ 45 ಮಿಲಿಗ್ರಾಂ. ಅಂದರೆ 40 ಇರುವ ನೀರನ್ನು ನೀವು ಆರಾಮಾಗಿ ಕುಡಿಯಬಹುದು. ಆದರೆ ಹವಳದ ದಿಬ್ಬದ ಸಮುದ್ರದಲ್ಲಿ ನೈಟ್ರೇಟ್ 1ನ್ನೂ ಮುಟ್ಟುವುದಿಲ್ಲ. ಒಳಚರಂಡಿ ಸೋರುವ, ಸೋಕ್‌ಪಿಟ್ ಜಾಸ್ತಿ ಇರುವ ಬಡಾವಣೆಗಳಲ್ಲಿ ಬೋರ್‌ವೆಲ್ ನೀರು 45ನ್ನು ದಾಟುವುದೂ ಹೊಸದಲ್ಲ. ಕಾಯಿಸಿದರೆ ಅದು ಹೋಗುವುದಿಲ್ಲ. ಇದ್ದಿಲಿನ ಫಿಲ್ಟರ್‌ಗೂ ಹೋಗುವುದಿಲ್ಲ.

ಆರ್‌ಓ ಇದೆಯಲ್ಲ ಎಂದು ನೀವು ಹೇಳಬಹುದು. ಅಡುಗೆಮನೆಯ ಆರ್‌ಓ ಯಂತ್ರಗಳಲ್ಲಿ ಬಹಳಷ್ಟಕ್ಕೆ ಟಿಡಿಎಸ್ ಕಂಟ್ರೋಲರ್ ಎಂಬ ಒಂದು ಸಣ್ಣ ತಿರುಪು ಇರುತ್ತದೆ. ನೀರು ಸಪ್ಪೆ ಆಗಬಾರದು ಎಂದು ಅದು ಪೊರೆಯನ್ನು ದಾಟದ ನೀರನ್ನು ಸ್ವಲ್ಪ ವಾಪಸ್ ಬೆರೆಸುತ್ತದೆ. ಆ ನೀರಿನ ಜೊತೆ ನೈಟ್ರೇಟ್ ಕೂಡ ಬರುತ್ತದೆ. ನಿಮ್ಮ ಮೀಟರ್‌ನ 110 ನೋಡಿದರೆ ನನಗೆ ಅದೇ ಅನುಮಾನ.

ನಿಮ್ಮ ಲೆಕ್ಕ ಹಾಕಿ ನೋಡಿದೆ. 80 ಇರುವಾಗ ಶುದ್ಧ ನೀರಿನಿಂದ ಶೇ 20 ಬದಲಿಸಿದರೆ 64ಕ್ಕೆ ಇಳಿಯಬೇಕು. ಮುಂದಿನ ಭಾನುವಾರ ಮತ್ತೆ 80 ಆಗಿದೆ ಅಂದರೆ ವಾರಕ್ಕೆ 16 ಎಲ್ಲಿಂದಲೋ ಬರುತ್ತಿದೆ. ಒಂದು ವೇಳೆ ನೀವು ಹಾಕುವ ನೀರಲ್ಲೇ 20 ಇದ್ದರೆ, ಬದಲಿಸಿದ ನೀರಿನಿಂದ 4 ಬಂತು. ಆವಿಯಾದದ್ದಕ್ಕೆ ದಿನಕ್ಕೆ 3 ಲೀಟರ್ ಸುರಿದರೆ ವಾರಕ್ಕೆ 21 ಲೀಟರ್, ಅಂದರೆ ತೊಟ್ಟಿಯ ಹತ್ತನೇ ಒಂದು ಭಾಗ. ಅದರಿಂದ ಇನ್ನೂ 2. ನೀರಲ್ಲಿ 40 ಇದ್ದರೆ ಇವೆರಡೂ ಸೇರಿ 12! ಆಗ ಮೀನಿನ ಪಾಲು ಬರೀ 4. ಪಾಪ, ಮೀನನ್ನು ಬೈದು ಏನು ಪ್ರಯೋಜನ?

ಆದ್ದರಿಂದ ನೀವು ಇವತ್ತೇ ಮಾಡಬೇಕಾದದ್ದು ಒಂದು. ನಿಮ್ಮ ನೈಟ್ರೇಟ್ ಕಿಟ್‌ನಲ್ಲಿ ತೊಟ್ಟಿಯ ನೀರಲ್ಲ, ಆರ್‌ಓ ನೀರನ್ನು ಪರೀಕ್ಷೆ ಮಾಡಿ. ಎಪಿಐ ಕಂಪನಿಯ ಕಿಟ್ ಆದರೆ ಎರಡನೇ ಬಾಟಲಿಯನ್ನು ಪೂರ್ತಿ 30 ಸೆಕೆಂಡ್ ಜೋರಾಗಿ ಕುಲುಕಿ. ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಕುಲುಕದಿದ್ದರೆ ಸುಳ್ಳು ಅಂಕಿ ಬರುತ್ತದೆ. ಬಣ್ಣ ಬರಲು 5 ನಿಮಿಷ ಬಿಡಿ. ಇನ್ನೊಂದು ಮಾತು: ಕೆಲವು ಕಿಟ್‌ಗಳು ನೈಟ್ರೇಟನ್ನೇ ತೋರಿಸುತ್ತವೆ, ಕೆಲವು ಅದರಲ್ಲಿರುವ ಸಾರಜನಕವನ್ನು ಮಾತ್ರ. ಎರಡನೆಯದಾದರೆ ಅಂಕಿಯನ್ನು 4.4ರಿಂದ ಗುಣಿಸಬೇಕು. ಲ್ಯಾಬ್‌ನಲ್ಲಿ ನನ್ನ ಮುಂದೆ ಎಷ್ಟೋ ಜಗಳ ಇದೊಂದೇ ಕಾರಣಕ್ಕೆ ಆಗಿದೆ.

ನೀರಲ್ಲೇ ನೈಟ್ರೇಟ್ ಇದ್ದರೆ ಅಕ್ವೇರಿಯಂಗೆ ಬೇರೆ ಆರ್‌ಓ ಇಡಿ, ಅದರಿಂದ ಹೊರಬರುವ ನೀರಿಗೆ ಡಿಐ ರಾಳದ (ಉಳಿದ ಲವಣವನ್ನೂ ಹಿಡಿಯುವ ರಾಳ) ಕೊಳವೆ ಜೋಡಿಸಿ. ಟಿಡಿಎಸ್ ಮೀಟರ್ 0 ತೋರಿಸಬೇಕು. 5 ಅಲ್ಲ, 0. ಆ ನೀರಿನಲ್ಲಿ ಉಪ್ಪು ಬೆರೆಸಿ ಎರಡು ವಾರ ಬಿಟ್ಟು ಬಿಟ್ಟು ಶೇ 30ರಂತೆ ಬದಲಿಸಿ, ಮೊದಲು 80ನ್ನು 30ರ ಹತ್ತಿರ ತನ್ನಿ. ಆಮೇಲೆ ಮರಳು. ಯಾಕೆ ಹೀಗೆ ಅಂದರೆ, ಸಂಪ್‌ನ ಒಂದು ಖಾನೆಯ ಮರಳು ಪುಟ್ಟ ಗದ್ದೆ. ಅದು ದಿನಕ್ಕೆ ಇಷ್ಟೇ ಕೆಲಸ ಮಾಡಬಲ್ಲದು. ನೈಟ್ರೇಟ್ ಆಳಕ್ಕೆ ನಿಧಾನವಾಗಿ ಇಳಿದು ಹೋಗಬೇಕು. ಎಷ್ಟು ಅಗಲ ಹಾಸಿದ್ದೀರಿ ಅನ್ನುವುದರ ಮೇಲೆ ಅದರ ಶಕ್ತಿ ನಿಂತಿದೆ. ನಲ್ಲಿಯಿಂದ ದಿನವೂ ಸುರಿಯುವುದನ್ನು ಅದು ತಡೆಯಲಾರದು.

ನೀಲಿ ಟ್ಯಾಂಗ್ ಬಗ್ಗೆಯೂ ಹೇಳದೆ ಇರಲಾರೆ. ಅದು ಬೆಳೆದರೆ ಒಂದು ಅಡಿ ಆಗುತ್ತದೆ. 4 ಅಡಿಯ ತೊಟ್ಟಿ ಅದಕ್ಕೆ ಸಾಲದು. ದೊಡ್ಡ ತೊಟ್ಟಿ ಇರುವವರಿಗೆ ಕೊಡುವುದನ್ನು ಈಗಲೇ ಯೋಚಿಸಿ.

ಪ್ರಶ್ನೆ: ಮರಳು ಎಷ್ಟು ಆಳ ಇರಬೇಕು? ನಮ್ಮ ಮನೆಯಿಂದ ಮಲ್ಪೆ ಬೀಚ್ 10 ನಿಮಿಷ. ಅಲ್ಲಿಂದ ಎರಡು ಚೀಲ ತಂದರೆ ಆಗುವುದಿಲ್ಲವಾ?
— ಓದುಗರು, ಉಡುಪಿ

ತರಬೇಡಿ. ಕರಾವಳಿ ನಿಯಂತ್ರಣ ವಲಯದ ನಿಯಮದ ಪ್ರಕಾರ ದಡದ ಮರಳು ಹೊತ್ತೊಯ್ಯುವಂತಿಲ್ಲ, ಅದು ಮೊದಲನೆಯ ಕಾರಣ. ಎರಡನೆಯದು, ಬಂದರಿನ ಹತ್ತಿರದ ಮರಳಿನಲ್ಲಿ ದೋಣಿಯ ಡೀಸೆಲ್, ಮೀನಿನ ಎಣ್ಣೆ ಏನೆಲ್ಲ ಇರುತ್ತದೋ ತೊಳೆದರೂ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಅರಗೊನೈಟ್ ಎಂಬ ಸುಣ್ಣದ ಜಾತಿಯ ಮರಳು ಸಿಗುತ್ತದೆ, ಅದನ್ನೇ ಕೊಳ್ಳಿ. ದುಬಾರಿ ಅನಿಸಿದರೆ ಚೆನ್ನಾಗಿ ತೊಳೆದ ನುಣುಪು ಸಿಲಿಕಾ ಮರಳೂ ನಡೆಯುತ್ತದೆ. ನೈಟ್ರೇಟ್ ಕೆಲಸಕ್ಕೆ ಕಾಳಿನ ಗಾತ್ರ ಮುಖ್ಯ, ಜಾತಿ ಅಲ್ಲ.

ಗಾತ್ರ ಎಂದರೆ ಚಿರೋಟಿ ರವೆಯಿಂದ ಸಕ್ಕರೆಯವರೆಗೆ. ಅದಕ್ಕಿಂತ ದಪ್ಪ ಬೇಡವೇ ಬೇಡ. ಹವಳದ ಚೂರು, ಜಲ್ಲಿಯಂಥದ್ದು ಹಾಕಿದರೆ ಅದರ ಸಂದಿಯಲ್ಲಿ ಕಸ ಕೂರುತ್ತದೆ, ನೀರು ಒಳಗೆಲ್ಲ ಓಡಾಡುತ್ತದೆ, ಆಮ್ಲಜನಕ ತಳದವರೆಗೂ ಹೋಗುತ್ತದೆ. ಆಗ ಅದು ನೈಟ್ರೇಟ್ ತೆಗೆಯುವುದಿಲ್ಲ, ತಯಾರು ಮಾಡುತ್ತದೆ. ಆಳ 4ರಿಂದ 6 ಇಂಚು. ನನ್ನದು 5. ಎರಡು, ಮೂರು ಇಂಚು ಹಾಕಿ ನಿಲ್ಲಿಸಿದರೆ ಕಸ ಹಿಡಿಯುತ್ತದೆ, ಕೆಲಸ ಅರ್ಧವೂ ಆಗುವುದಿಲ್ಲ. ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲದ ಖಾನೆಗೆ 5 ಇಂಚು ತುಂಬಲು ಸುಮಾರು 27 ಕಿಲೋ ಮರಳು ಬೇಕು. ಕೆಳಗಿನ ಸ್ಟ್ಯಾಂಡ್ ಗಟ್ಟಿ ಇದೆಯಾ ನೋಡಿಕೊಳ್ಳಿ.

ಆಮೇಲೆ ಕಾಯಬೇಕು. ಮೂರು ತಿಂಗಳು ಏನೂ ಕಾಣುವುದಿಲ್ಲ. ನನ್ನ ನೋಟ್‌ಬುಕ್‌ನಲ್ಲಿ ಮೊದಲ ಹಾಸಿನ ಅಂಕಿಗಳು ಇನ್ನೂ ಇವೆ: ಜೂನ್‌ನಲ್ಲಿ 40, ಜುಲೈ 40, ಆಗಸ್ಟ್ 40, ಸೆಪ್ಟೆಂಬರ್ 30, ಅಕ್ಟೋಬರ್ 20, ಡಿಸೆಂಬರ್‌ನಲ್ಲಿ 10. ಆಗಸ್ಟ್‌ನಲ್ಲಿ ತೆಗೆದು ಬಿಸಾಡೋಣ ಅನಿಸಿತ್ತು. ಆ ಮೂರು ತಿಂಗಳು ಬ್ಯಾಕ್ಟೀರಿಯಾ ಮರಳಿನ ಒಂದೊಂದು ಕಾಳಿಗೂ ಹಬ್ಬುತ್ತಿದ್ದವು.

ಪ್ರಶ್ನೆ: ಎಂಟು ತಿಂಗಳ ಹಾಸು. ಗಾಜಿನ ಪಕ್ಕ ಮರಳಿನೊಳಗೆ ಕಪ್ಪು ಕಲೆ ಬಂದಿದೆ, ಗುಳ್ಳೆಯೂ ಇದೆ. ವಿಷದ ಅನಿಲ ಎಂದು ಅಂಗಡಿಯವರು ಹೆದರಿಸಿದರು. ಕೋಲಿನಿಂದ ಕೆದಕಿ ಬಿಡಿಸಲೇ?
— ಓದುಗರು, ಮೈಸೂರು

ದಯವಿಟ್ಟು ಕೆದಕಬೇಡಿ!

ಗುಳ್ಳೆ ಒಳ್ಳೆಯ ಸುದ್ದಿ. ಮೊದಲ ಪ್ರಶ್ನೆಯಲ್ಲಿ ಹೇಳಿದೆನಲ್ಲ, ಸಾರಜನಕ ಹೊರಗೆ ಬರುವುದು ಹೀಗೇ. ಕಪ್ಪು ಕಲೆ ಅಂದರೆ ಅಲ್ಲಿ ನೈಟ್ರೇಟ್ ಕೂಡ ಮುಗಿದಿದೆ. ಅಲ್ಲಿರುವ ಬ್ಯಾಕ್ಟೀರಿಯಾ ಈಗ ಸಮುದ್ರದ ನೀರಿನ ಸಲ್ಫೇಟ್‌ಗೆ ಕೈ ಹಾಕಿವೆ. ಅದರಿಂದ ಹೈಡ್ರೋಜನ್ ಸಲ್ಫೈಡ್ ಬರುತ್ತದೆ, ಅದು ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಕುಂದಾಪುರದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೆಸರಲ್ಲಿ ಕಾಲಿಟ್ಟವರಿಗೆ ಆ ಕೊಳೆತ ಮೊಟ್ಟೆಯ ವಾಸನೆ ಗೊತ್ತು. ಅಲ್ಲೇ ಏಡಿ, ಸಿಗಡಿ, ಮರಿಮೀನು ಎಲ್ಲ ಸುಖವಾಗಿ ಬದುಕಿವೆ ಅಲ್ವಾ? ಯಾಕೆಂದರೆ ಆ ಅನಿಲ ನಿಧಾನವಾಗಿ ಮೇಲೆ ಬರುವಾಗ ಆಮ್ಲಜನಕ ಇರುವ ಪದರದಲ್ಲಿ ಮತ್ತೆ ಸಲ್ಫೇಟ್ ಆಗಿಬಿಡುತ್ತದೆ. ವಿಷ ಆಗುವುದು ಒಂದೇ ಸಲ ಕದಡಿದಾಗ.

ಮೇಲಿನ ಅರ್ಧ ಇಂಚು ಮಾತ್ರ ಅಲುಗಾಡುತ್ತಿರಲಿ. ಅದನ್ನು ನೀವು ಮಾಡಬೇಕಿಲ್ಲ, ನಸ್ಸಾರಿಯಸ್ ಬಸವನಹುಳು, ಸಣ್ಣ ಬಿರುಗೂದಲು ಹುಳಗಳು ಮಾಡುತ್ತವೆ. ಕಲೆ ಕಣ್ಣಿಗೆ ಚುಚ್ಚಿದರೆ ಗಾಜಿನ ಹೊರಗೆ ಒಂದು ಕಪ್ಪು ಕಾಗದ ಅಂಟಿಸಿ. ಗಾಜಿನ ಪಕ್ಕ ಬೆಳಕು ಬಿದ್ದು ಪಾಚಿ ಕಟ್ಟುವುದೂ ತಪ್ಪುತ್ತದೆ.

ಪ್ರಶ್ನೆ: ಮರಳಿನ ಮೇಲೆ ಯಾವ ಪಾಚಿ ಬೆಳೆಸಬೇಕು? ಕೌಲೆರ್ಪಾ ನೋಡಲು ಚೆನ್ನಾಗಿದೆ. ಮರಳು ಶುಚಿಯಾಗಿರಲು ಸಮುದ್ರ ಸೌತೆ ಎಂಬ ಪ್ರಾಣಿಯನ್ನು ಬಿಡಬಹುದಾ?
— ಓದುಗರು, ಹುಬ್ಬಳ್ಳಿ

ಎರಡನೆಯದಕ್ಕೆ ಮೊದಲು ಉತ್ತರ. ಬಿಡುವಂತಿಲ್ಲ. ಭಾರತದಲ್ಲಿ ಸಮುದ್ರ ಸೌತೆಯ ಎಲ್ಲ ಜಾತಿಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದ್ದಾರೆ, ಹುಲಿ ಇರುವ ಪಟ್ಟಿಗೆ. ದಿಬ್ಬ ಕಟ್ಟುವ ಹವಳಗಳೂ ಅದೇ ಪಟ್ಟಿಯಲ್ಲಿವೆ. ನಮ್ಮ ಸಮುದ್ರದಿಂದ ತೆಗೆದದ್ದನ್ನು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಈ ಹವ್ಯಾಸ ನಾಳೆಯೂ ಇರಬೇಕು ಅಂದರೆ ಸಮುದ್ರ ಇರಬೇಕು. ಕ್ಲೌನ್ ಮೀನನ್ನೂ ಸಾಕಿ ಮರಿ ಮಾಡಿಸಿದ್ದನ್ನೇ ಕೇಳಿ ಪಡೆಯಿರಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಅದರ ವಿಧಾನ ರೂಪಿಸಿ ಎಷ್ಟೋ ವರ್ಷ ಆಯ್ತು.

ಪಾಚಿಗೆ ನನ್ನ ಆಯ್ಕೆ ಕೀಟೊಮಾರ್ಫಾ, ನಾವೆಲ್ಲ ಕರೆಯುವಂತೆ ಕೀಟೊ. ಸಿಕ್ಕು ಬಿದ್ದ ಹಸಿರು ನೈಲಾನ್ ದಾರದ ಉಂಡೆಯ ಹಾಗೆ ಇರುತ್ತದೆ. ಬೇರು ಇಲ್ಲ, ಮರಳಿಗೆ ಇಳಿಯುವುದಿಲ್ಲ, ಕೈಯಲ್ಲಿ ಎತ್ತಿದರೆ ಬರುತ್ತದೆ. ಕೌಲೆರ್ಪಾ ಚೆಂದವೇ. ಆದರೆ ಅದು ಮರಳಿಗೆ ಬೇರಿನಂಥ ಎಳೆ ಇಳಿಸುತ್ತದೆ. ಒಂದೊಂದು ಸಲ ಒಂದೇ ರಾತ್ರಿಯಲ್ಲಿ ಲಿಂಗಾಣು ಬಿಟ್ಟು, ಬಿಳಿಚಿ, ಕರಗಿ, ತಿಂಗಳುಗಟ್ಟಲೆ ಹೀರಿದ್ದನ್ನೆಲ್ಲ ನೀರಿಗೆ ವಾಪಸ್ ಕಕ್ಕುತ್ತದೆ. ಅದರ ಒಂದು ಜಾತಿ 1984ರಲ್ಲಿ ಮೊನಾಕೊ ತೀರದಲ್ಲಿ ಕಾಣಿಸಿಕೊಂಡು ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ಹಬ್ಬಿ ಅಲ್ಲಿಯ ಹುಲ್ಲನ್ನು ಮುಚ್ಚಿಬಿಟ್ಟಿತು. ಹಾಗಾಗಿ ಯಾವ ಪಾಚಿಯನ್ನಾದರೂ ಚರಂಡಿಗೆ, ಹೊಳೆಗೆ, ಸಮುದ್ರಕ್ಕೆ ಎಸೆಯಬೇಡಿ. ಸಿಹಿನೀರಲ್ಲಿ ತೊಳೆದು, ಒಣಗಿಸಿ, ಗಿಡದ ಗೊಬ್ಬರಕ್ಕೆ ಹಾಕಿ.

ಅನುಭವದಿಂದ ಹೇಳುತ್ತೇನೆ, ಸಣ್ಣ ಸಂಪ್‌ನಲ್ಲಿ ಮೊದಲ ಆರು ತಿಂಗಳು ನೈಟ್ರೇಟ್ ಇಳಿಸುವುದು ಮರಳಿಗಿಂತ ಕೀಟೊವೇ. ಅದಕ್ಕಿಂತ ಮುಖ್ಯ, ಫಾಸ್ಫೇಟ್. ಸಾರಜನಕಕ್ಕೆ ಗಾಳಿಗೆ ಹೋಗುವ ದಾರಿ ಇದೆ, ಫಾಸ್ಫೇಟ್‌ಗೆ ಇಲ್ಲ. ಮರಳು ಅದನ್ನು ಹೊರಗೆ ಹಾಕಲಾರದು. ಪಾಚಿ ಹೀರಬೇಕು, ನೀವು ಪಾಚಿಯನ್ನು ಕೈಯಿಂದ ತೆಗೆಯಬೇಕು. ಎರಡು ವಾರಕ್ಕೊಮ್ಮೆ ಮೂರನೇ ಒಂದು ಭಾಗ ತೆಗೆಯಿರಿ. ಪಾಚಿಯ ಖಾನೆಯ ದೀಪವನ್ನು ರಾತ್ರಿ ಹೊತ್ತು ಹನ್ನೆರಡು ತಾಸು ಹಾಕಿ, ಮೇಲಿನ ತೊಟ್ಟಿಯ ದೀಪ ಆರಿದ ಮೇಲೆ. ಆಗ ರಾತ್ರಿ ನೀರಿನ ಪಿಎಚ್ ಬೀಳುವುದೂ ಕಡಿಮೆ ಆಗುತ್ತದೆ.

ಹುಬ್ಬಳ್ಳಿಯವರು ಅಂತ ಇನ್ನೊಂದು ಮಾತು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಮೀನಿನ ಜೊತೆ ಮರಳಿನ ಲಕ್ಷಾಂತರ ಜೀವಿಗಳೂ ಅದೇ ಆಮ್ಲಜನಕಕ್ಕೆ ಬಾಯಿ ಹಾಕುತ್ತವೆ. ಬಿಸಿ ನೀರಿನಲ್ಲಿ ಅದು ಮೊದಲೇ ಕಡಿಮೆ. ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೊಳ್ಳಿ.

ಪ್ರಶ್ನೆ: ಮುಂದಿನ ತಿಂಗಳು ಮನೆ ಬದಲಿಸುತ್ತಿದ್ದೇವೆ. ಐದು ವರ್ಷದ ಮರಳಿನ ಹಾಸು, ನೈಟ್ರೇಟ್ 5 ಇದೆ. ಆ ಮರಳನ್ನು ಹಾಗೇ ಬಕೆಟ್‌ನಲ್ಲಿ ಹೊಸ ಮನೆಗೆ ಒಯ್ಯಬಹುದಾ?
— ಓದುಗರು, ಶಿವಮೊಗ್ಗ

ನಿಮ್ಮ ಪತ್ರ ಓದಿ ಎರಡು ದಿನ ನನಗೆ ಸಮಾಧಾನ ಇರಲಿಲ್ಲ. ಇದೇ ಕೆಲಸವನ್ನು ನಾನು ಮಾಡಿದ್ದೇನೆ.

ಏಳು ವರ್ಷದ ಹಾಸು. ಅಷ್ಟು ಚೆನ್ನಾಗಿ ಕೆಲಸ ಮಾಡುವ ಮರಳನ್ನು ಬಿಡಲು ಮನಸ್ಸು ಬರಲಿಲ್ಲ. ಬಕೆಟ್‌ಗೆ ತುಂಬಿ ಗಾಡಿಯಲ್ಲಿ ಒಯ್ದು ಸಂಜೆಯೇ ಹೊಸ ಮನೆಯಲ್ಲಿ ತೊಟ್ಟಿ ಜೋಡಿಸಿದೆವು. ನೀರು ಸ್ವಲ್ಪ ಕಲಕಿತ್ತು, ಬೆಳಗ್ಗೆ ತಿಳಿಯಾಗುತ್ತದೆ ಎಂದು ಮಲಗಿದೆ. ಬೆಳಗ್ಗೆ ಐದೂವರೆಗೆ ಎದ್ದು ನೋಡಿದಾಗ ಒಂಬತ್ತು ಮೀನು ಸತ್ತಿದ್ದವು. ಅವುಗಳಲ್ಲಿ ಒಂದು ಕ್ಲೌನ್ ನನ್ನ ಬಳಿ ಹನ್ನೊಂದು ವರ್ಷ ಇದ್ದದ್ದು. ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ ತಂದ ಮೀನು. ನೀರಲ್ಲಿ ಆ ಮೊಟ್ಟೆಯ ವಾಸನೆ ಇತ್ತು. ಅಮೋನಿಯಾ ಪರೀಕ್ಷೆ ಕಡು ಹಸಿರು ತೋರಿಸಿತು. ವರ್ಷಗಟ್ಟಲೆ ತಳದಲ್ಲಿ ಬೀಗ ಹಾಕಿ ಇಟ್ಟಂತೆ ಇದ್ದದ್ದೆಲ್ಲ ಒಂದೇ ರಾತ್ರಿಯಲ್ಲಿ ನೀರಿಗೆ ಬಂದಿತ್ತು, ಇದ್ದ ಆಮ್ಲಜನಕವನ್ನೂ ತಿಂದುಹಾಕಿತ್ತು.

ಆದ್ದರಿಂದ ನೀವು ಹೀಗೆ ಮಾಡಿ. ಹಿಂದಿನ ದಿನವೇ ಹೊಸ ಉಪ್ಪುನೀರು ಬೆರೆಸಿ ಇಟ್ಟುಕೊಳ್ಳಿ, ತೊಟ್ಟಿಯ ಅರ್ಧದಷ್ಟಾದರೂ. ಹೊರಡುವ ದಿನ ಮೊದಲು ಮೀನು, ಆಮೇಲೆ ಕಲ್ಲು, ಆಮೇಲೆ ಮೇಲಿನ ತಿಳಿನೀರು ತೆಗೆಯಿರಿ. ಅಲ್ಲಿಯವರೆಗೆ ಮರಳನ್ನು ಮುಟ್ಟಬೇಡಿ. ರೆಫ್ಯೂಜಿಯಂ ಬೇರೆ ಖಾನೆಯಲ್ಲಿದ್ದರೆ ಅದರ ಪೈಪ್ ಮೊದಲೇ ಮುಚ್ಚಿ. ಕೊನೆಗೆ ಮರಳಿನ ಮೇಲಿನ ಒಂದು ಇಂಚನ್ನು ಮಾತ್ರ ಚಮಚದಿಂದ ಕೆರೆದು ಒಂದು ಡಬ್ಬಿಗೆ ಹಾಕಿ. ಹುಳ, ಬಸವನಹುಳು ಹೆಚ್ಚಾಗಿ ಆ ಒಂದು ಇಂಚಲ್ಲೇ ಇವೆ, ಹೊಸ ಮರಳಿಗೆ ಬಿತ್ತಲು ಬೇಕಾದಷ್ಟು ಬ್ಯಾಕ್ಟೀರಿಯಾವೂ ಅಲ್ಲಿವೆ. ಉಳಿದ ನಾಲ್ಕು ಇಂಚನ್ನು ಬಿಟ್ಟುಬಿಡಿ. ಹೊಸ ಮನೆಯಲ್ಲಿ ಹೊಸ ಮರಳು ಹಾಸಿ, ಅದರ ಮೇಲೆ ಈ ಡಬ್ಬಿಯದನ್ನು ಬೀಜ ಬಿತ್ತಿದಂತೆ ಹರಡಿ. ಮೂರು ತಿಂಗಳು ನೈಟ್ರೇಟ್ ಏರುತ್ತದೆ. ಆ ದಿನಗಳಿಗೆ ಕೀಟೊ ಇಟ್ಟುಕೊಳ್ಳಿ, ಆಹಾರ ಅರ್ಧ ಮಾಡಿ.

ಮೊದಲ ರಾತ್ರಿ ಅಲಾರಂ ಇಟ್ಟು ಎರಡು ಗಂಟೆಗೊಮ್ಮೆ ಎದ್ದು ನೋಡಿ. ಮೀನು ಮೇಲೆ ಬಂದು ಬಾಯಿ ಆಡಿಸುತ್ತಿದ್ದರೆ ಏರ್ ಪಂಪ್ ಹಾಕಿ, ಬೆರೆಸಿಟ್ಟ ನೀರು ಉಳಿದಿದ್ದರೆ ಅದನ್ನೂ ಸುರಿಯಿರಿ. ಬೆಳಗಾದ ಮೇಲೆ ಹೇಗಿವೆ ಎಂದು ನನಗೆ ಒಂದು ಸಾಲು ಬರೆಯಿರಿ.